ಹಳೆಯ ಜರ್ಮನ್ ಬೇಟೆ ತೋಟೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ರೈಫಲ್‌ಗಳ ಮಾತು ಬಂದಾಗಲೆಲ್ಲ ಸುತ್ತಿ ಬಳಸಿ ಇವೇ ಪ್ರಶ್ನೆಗಳು ಬರುತ್ತವೆ. ಕೆಲವರು ಜಿಮ್ ಕಾರ್ಬೆಟ್‌ನ ಶಿಕಾರಿ ಕಥೆ ಓದಿ ಕೇಳುತ್ತಾರೆ, ಕೆಲವರಿಗೆ ಅಟ್ಟದ ಮೇಲೆ ಏನೋ ಸಿಕ್ಕಿರುತ್ತದೆ, ಇನ್ನು ಕೆಲವರಿಗೆ ಅಂಕಿಗಳ ಹುಚ್ಚು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಇದು ಇತಿಹಾಸದ ಪುಟ. ತೋಟೆ ತುಂಬುವುದು, ಕೋವಿ ರಿಪೇರಿ ಮಾಡುವುದು ಇಲ್ಲಿಲ್ಲ.

## ಮೊದಲಿಗೆ

"8×57 ಅಂತ ಬರೀತಾರಲ್ಲ, ಅದೇನು ಮಗ್ಗಿನಾ?"

ಮೊದಲ ಅಂಕಿ ಗುಂಡಿನ ಅಡ್ಡಳತೆ, ಎರಡನೆಯದು ಹಿತ್ತಾಳೆ ಕೇಸಿನ ಉದ್ದ. ಎರಡೂ ಮಿಲಿಮೀಟರ್ ಲೆಕ್ಕ. 8×57 ಎಂದರೆ ಸುಮಾರು 8 ಮಿ.ಮೀ. ಗುಂಡು, 57 ಮಿ.ಮೀ. ಕೇಸು. ಕೊನೆಗೆ 'ಆರ್' ಇದ್ದರೆ ಕೇಸಿನ ಬುಡದಲ್ಲಿ ಹೊರಚಾಚಿದ ಅಂಚು ಇದೆ ಎಂದರ್ಥ.

'ಸುಮಾರು' ಎಂದದ್ದಕ್ಕೆ ಕಾರಣವಿದೆ. 7×57ರ ಗುಂಡು ನಿಜಕ್ಕೂ 7.2 ಮಿ.ಮೀ. ದಪ್ಪ. 8×57ರ ಕಥೆ ಇನ್ನೂ ತೊಡಕಿನದು, ಅದಕ್ಕೆ ಕೆಳಗೆ ಬೇರೆ ಉತ್ತರವೇ ಇದೆ. ಹಾಗಿದ್ದೂ ಜರ್ಮನ್ನರ ಪದ್ಧತಿಯೇ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು ಎನ್ನುವುದು ನನ್ನ ಅಭಿಪ್ರಾಯ. ಬ್ರಿಟಿಷರು ಅಂಗಡಿಯವನ ಹೆಸರು ಸೇರಿಸಿ '.275 ರಿಗ್ಬಿ' ಎನ್ನುತ್ತಾರೆ. ಅಮೆರಿಕದವರು ಇಸವಿ ಸೇರಿಸಿ '.30-06' ಎನ್ನುತ್ತಾರೆ. ಕೇಸು ಎಷ್ಟು ಉದ್ದ ಎಂಬುದು ಆ ಹೆಸರುಗಳಿಂದ ಗೊತ್ತಾಗುವುದಿಲ್ಲ.

"ತೋಟೆ ಬೇರೆ, ಗುಂಡು ಬೇರೆನಾ? ನಾವು ಎರಡಕ್ಕೂ ಗುಂಡು ಅಂತೀವಿ."

ಬೇರೆ. ಕೇಸು, ಅದರ ಬುಡದಲ್ಲಿ ಬಡಿದರೆ ಕಿಡಿ ಹಾರಿಸುವ ಪುಟ್ಟ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ನಾಲ್ಕೂ ಕೂಡಿದರೆ ತೋಟೆ. ಈಡು ಹೊಡೆದಾಗ ಹಾರಿಹೋಗುವುದು ಗುಂಡು ಮಾತ್ರ. ಮಲೆನಾಡಿನಲ್ಲಿ 'ಕೇಪಿನ ಕೋವಿ', 'ತೋಟೆ ಕೋವಿ' ಎಂದು ಬೇರ್ಪಡಿಸಿ ಹೇಳುವುದೂ ಇದೇ ಕಾರಣಕ್ಕೆ: ಮೊದಲನೆಯದಕ್ಕೆ ಮದ್ದು, ಗುಂಡು, ಕೇಪು ಬಿಡಿಬಿಡಿಯಾಗಿ ಹಾಕಬೇಕು, ಎರಡನೆಯದಕ್ಕೆ ಎಲ್ಲ ಒಂದೇ ಕಟ್ಟಾಗಿ ಬರುತ್ತದೆ.

"ಒಂದು ದೇಶಕ್ಕೆ ಇಷ್ಟೊಂದು ನಮೂನೆ ತೋಟೆ ಯಾಕೆ ಬೇಕಿತ್ತು?"

ಬೇಕಿರಲಿಲ್ಲ. ಆದರೂ ಹುಟ್ಟಿದವು.

1848ರ ಕ್ರಾಂತಿಗೆ ಮೊದಲು ಜರ್ಮನ್ ಸೀಮೆಗಳಲ್ಲಿ ಬೇಟೆ ಬಹುಮಟ್ಟಿಗೆ ದೊರೆಗಳ, ಜಮೀನ್ದಾರರ ಹಕ್ಕು. ರೈತನ ಹೊಲವನ್ನು ಹಂದಿ ಅಗೆದು ಹಾಳುಮಾಡಿದರೂ ಅವನು ಕೈಕಟ್ಟಿ ನೋಡಬೇಕಿತ್ತು. ಕ್ರಾಂತಿಯ ನಂತರ ಬೇಟೆಯ ಹಕ್ಕು ಭೂಮಿಯ ಜೊತೆ ಸೇರಿಕೊಂಡಿತು. ಜಮೀನು ಇದ್ದವನು, ಇಲ್ಲವೇ ಊರಿನ ಬೇಟೆ ಪ್ರದೇಶವನ್ನು ಗುತ್ತಿಗೆ ಹಿಡಿದವನು ಬೇಟೆಗಾರನಾದ. ಪೇಟೆಯ ವಕೀಲ, ವೈದ್ಯ, ಅರಣ್ಯ ಇಲಾಖೆಯ ನೌಕರ ಎಲ್ಲರೂ ಕೋವಿ ಕೊಳ್ಳುವವರ ಸಾಲಿಗೆ ಬಂದರು.

ಕೋವಿ ಮಾಡುತ್ತಿದ್ದವರು ಯಾರು? ಥುರಿಂಗಿಯಾದ ಸೂಲ್ ಮತ್ತು ಅದರ ಪಕ್ಕದ ಟ್ಸೆಲ್ಲಾ-ಮೇಲಿಸ್ ಪಟ್ಟಣಗಳ ಕುಶಲಕರ್ಮಿಗಳು. ದೊಡ್ಡ ಕಾರ್ಖಾನೆಗಳ ಜೊತೆಗೆ ಮನೆಯಂಗಳದ ಕಾರ್ಯಾಗಾರಗಳೂ ಅಲ್ಲಿದ್ದವು. ಗಿರಾಕಿ ಹೇಳಿದ ಹಾಗೆ ಒಂದೊಂದಾಗಿ ಕೋವಿ ಕಟ್ಟುವ ಊರು ಅದು. ಗಿರಾಕಿಗೆ ತಕ್ಕ ಹಾಗೆ ನಳಿಗೆ, ನಳಿಗೆಗೆ ತಕ್ಕ ಹಾಗೆ ತೋಟೆ. ಹೆಸರು ಮಾಡಬೇಕೆಂದಿದ್ದ ಪ್ರತಿ ಕೋವಿಗಾರನಿಗೂ ತನ್ನದೇ ಒಂದು ತೋಟೆ ಇರಬೇಕೆಂಬ ಆಸೆ. ಒಂದೇ ಕೇಸಿನ ಕುತ್ತಿಗೆಯನ್ನು ಹಿಗ್ಗಿಸಿ ಕುಗ್ಗಿಸಿದರೆ ಹೊಸ ತೋಟೆ ಸಿದ್ಧ: 57 ಮಿ.ಮೀ. ಕೇಸು ಒಂದರಿಂದಲೇ 6.5, 7, 8, 9, 9.3 ಮಿ.ಮೀ. ತೋಟೆಗಳು ಬಂದವು. ಇವುಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂದು ನೋಡುತ್ತಾ ಹೋದರೆ, ಗುಂಡಿನ ಬಲಕ್ಕಿಂತ ಕಾನೂನು, ಯುದ್ಧ ಮತ್ತು ಕೋವಿಯ ಆಕಾರವೇ ತೀರ್ಮಾನ ಮಾಡಿದ್ದು ಕಾಣುತ್ತದೆ.

"ಕೊನೆಯ 'ಆರ್' ಅಷ್ಟು ಮುಖ್ಯವೇ?"

ಜರ್ಮನ್ ಬೇಟೆಯಲ್ಲಿ ಬಹಳ ಮುಖ್ಯ. ಅಲ್ಲಿನ ಅಚ್ಚುಮೆಚ್ಚಿನ ಕೋವಿ ಮುರಿದು ತೆರೆಯುವ ಕೋವಿ, ನಮ್ಮ ಜೋಡುನಳಿಗೆಯ ಹಾಗೆ. ಅದರಲ್ಲಿ ಹೆಸರುವಾಸಿಯಾದದ್ದು ಡ್ರಿಲಿಂಗ್: ಮೇಲೆ ಚರೆ ಹೊಡೆಯುವ ಎರಡು ನಳಿಗೆ, ಕೆಳಗೆ ಒಂದು ರೈಫಲ್ ನಳಿಗೆ. ಒಂದೇ ಸಂಜೆಯ ಸುತ್ತಾಟದಲ್ಲಿ ಮೊಲ ಎದ್ದೀತು, ಫೆಸೆಂಟ್ ಹಕ್ಕಿ ಹಾರೀತು, ಸಣ್ಣ ರೋ ಜಿಂಕೆಯೂ ನಿಂತೀತು. ಪ್ರತಿಯೊಂದಕ್ಕೂ ಬೇರೆ ಕೋವಿ ಹೊರಲಾದೀತೆ? ಇಂಥ ಕೋವಿಯಲ್ಲಿ ತೋಟೆ ಒಳಗೆ ಜಾರಿಹೋಗದಂತೆ ತಡೆಯುವುದು, ಖಾಲಿ ಕೇಸನ್ನು ಹೊರಗೆಳೆಯುವುದು ಎರಡಕ್ಕೂ ಅಂಚು ಅನುಕೂಲ. ಹಲವು ತೋಟೆ ತುಂಬಿಡುವ ಪೆಟ್ಟಿಗೆ (ಮ್ಯಾಗಜಿನ್) ಇದ್ದು, ಅಗುಳಿಯಂಥ ಬೋಲ್ಟ್ ಎಳೆದು ತಳ್ಳಿ ತೋಟೆ ಏರಿಸುವ ಬೋಲ್ಟ್ ರೈಫಲ್‌ನಲ್ಲಿ ಅದೇ ಅಂಚು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ತೊಂದರೆ ಕೊಡುತ್ತದೆ. ಹಾಗಾಗಿ ಜರ್ಮನ್ ತೋಟೆಗಳು ಜೋಡಿಯಾಗಿ ಹುಟ್ಟುತ್ತಿದ್ದವು: 7×57 ಮತ್ತು 7×57 ಆರ್, 7×64 ಮತ್ತು 7×65 ಆರ್.

## ಇತಿಹಾಸದ ನಡುಮನೆ

"ಮೊಟ್ಟಮೊದಲ ಜರ್ಮನ್ ತೋಟೆ ಯಾವುದು?"

ಸೇನೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಪ್ರಶ್ಯಾ 1841ರಲ್ಲಿ ಒಪ್ಪಿಕೊಂಡ ಡ್ರೈಸೆಯ ಸೂಜಿ ಕೋವಿಯದು ಕಾಗದದ ತೋಟೆ. ಉದ್ದನೆಯ ಸೂಜಿ ಕಾಗದವನ್ನೂ ಮದ್ದನ್ನೂ ಚುಚ್ಚಿಕೊಂಡು ಹೋಗಿ ಗುಂಡಿನ ಬುಡದಲ್ಲಿದ್ದ ಕೇಪಿಗೆ ಬಡಿಯುತ್ತಿತ್ತು. ಲೋಹದ ಕೇಸು ಬಂದದ್ದು ನೆಕ್ಕಾರ್ ನದಿಯ ದಡದ ಓಬರ್ನ್‌ಡಾರ್ಫ್ ಪಟ್ಟಣದ ವಿಲ್ಹೆಲ್ಮ್ ಮತ್ತು ಪೌಲ್ ಮೌಸರ್ ಸೋದರರ 1871ರ ರೈಫಲ್ ಜೊತೆಗೆ. ಅದರ ತೋಟೆ 11×60 ಆರ್: ಕಪ್ಪು ಮದ್ದು ಸುಮಾರು 5 ಗ್ರಾಂ, ಸೀಸದ ಗುಂಡು ಸುಮಾರು 25 ಗ್ರಾಂ.

ಬೇಟೆಗಾರರ ಕಡೆ ಇಂಥ ಒಂದೇ ಆರಂಭ ಇಲ್ಲ. ಕಪ್ಪು ಮದ್ದಿನ ಕಾಲದಲ್ಲಿ ನೇರವಾದ, ತುದಿಗೆ ಸ್ವಲ್ಪ ಕಿರಿದಾಗುವ ಅಂಚಿನ ಕೇಸುಗಳು ಹತ್ತಾರು ಉದ್ದಗಳಲ್ಲಿದ್ದವು. ಆ ಗುಂಪಿನಿಂದ ಬದುಕಿ ಉಳಿದ ಹಿರಿಯ 9.3×72 ಆರ್.

"8×57 ಸೇನೆಯ ತೋಟೆ ಅಲ್ವಾ? ಬೇಟೆಗೆ ಹೇಗೆ ಬಂತು?"

ಫ್ರೆಂಚ್ ರಸಾಯನ ವಿಜ್ಞಾನಿ ಪಾಲ್ ವಿಯೆಯ್ 1884ರಲ್ಲಿ ಹೊಗೆಯಿಲ್ಲದ ಮದ್ದು ಮಾಡಿದ. 1886ರಲ್ಲಿ ಫ್ರೆಂಚ್ ಸೇನೆಗೆ ಅದನ್ನು ಬಳಸುವ ಲೆಬೆಲ್ ರೈಫಲ್ ಬಂತು. ಪಕ್ಕದ ಜರ್ಮನಿಗೆ ದಿಗಿಲು ಹುಟ್ಟಿತು: ತಮ್ಮ ಸೈನಿಕ ಒಂದು ಈಡು ಹೊಡೆದರೆ ಹೊಗೆಯೇ ಅವನ ಜಾಗ ತೋರಿಸುತ್ತದೆ, ಎದುರಾಳಿ ಮಾತ್ರ ಕಾಣುವುದೇ ಇಲ್ಲ. ಸೇನೆಯ ರೈಫಲ್ ಪರೀಕ್ಷಾ ಸಮಿತಿ ಅವಸರವಸರವಾಗಿ 1888ರ ರೈಫಲ್ಲನ್ನೂ ಅದರ ತೋಟೆಯನ್ನೂ ಸಿದ್ಧಪಡಿಸಿತು. ಅದೇ 8×57 ಐ. ದುಂಡುಮೂತಿಯ, ಸುಮಾರು 14.7 ಗ್ರಾಂ ಗುಂಡು. ಇದು ಮೌಸರ್ ಸೋದರರ ಕೂಸಲ್ಲ, ಸಮಿತಿಯದು. ಆದರೂ ಲೋಕವೆಲ್ಲ ಅದನ್ನು '8 ಮಿ.ಮೀ. ಮೌಸರ್' ಎನ್ನುತ್ತದೆ. ಪೌಲ್ ಮೌಸರ್‌ಗೆ ಇದನ್ನು ಕೇಳಿ ನಗು ಬರುತ್ತಿತ್ತೋ ಸಿಟ್ಟು ಬರುತ್ತಿತ್ತೋ.

ಬೇಟೆಗಾರರು ಅದನ್ನು ಹಿಡಿದುಕೊಳ್ಳಲು ಕಾರಣ ಸರಳ. ತೋಟೆ ಎಲ್ಲೆಡೆ ಸಿಗುತ್ತಿತ್ತು, ಅಗ್ಗವಾಗಿತ್ತು, ಅದಕ್ಕೆ ಹೊಂದುವ ಬೋಲ್ಟ್ ರೈಫಲ್ ಗಟ್ಟಿಯಾಗಿತ್ತು, ಕೆಂಪು ಜಿಂಕೆಗೂ ಕಾಡುಹಂದಿಗೂ ಗುಂಡು ಸಾಲುತ್ತಿತ್ತು. 1898ರ ಮೌಸರ್ ರೈಫಲ್ ಬಂದ ಮೇಲಂತೂ ಬೇಟೆ ರೈಫಲ್ಲುಗಳು ಅದೇ ಮಾದರಿಯ ಮೇಲೆ ಕಟ್ಟಿಕೊಂಡು ಬಂದವು, ಇವತ್ತಿಗೂ ಕಟ್ಟುತ್ತಾರೆ.

"ಐ, ಜೆ, ಎಸ್, ಐಆರ್, ಐಆರ್‌ಎಸ್... ತಲೆ ಕೆಟ್ಟುಹೋಯ್ತು. ಬಿಡಿಸಿ ಹೇಳಿ."

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದೇ. ಜೀವಕ್ಕೆ ಸಂಬಂಧಿಸಿದ ವಿಷಯವೂ ಹೌದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

'ಐ' ಎಂದರೆ ಕಾಲಾಳು ಪಡೆಯ ತೋಟೆ. ಹಳೆಯ ಜರ್ಮನ್ ಲಿಪಿಯಲ್ಲಿ ಆ ಅಕ್ಷರ 'ಜೆ' ಥರ ಕಾಣುತ್ತದೆ, ಹೊರಗಿನವರು 'ಜೆ' ಎಂದೇ ಓದಿದರು, ಅದೂ ಚಾಲ್ತಿಗೆ ಬಂತು. 8×57 ಜೆ, 8×57 ಐ ಎರಡೂ ಒಂದೇ. ಇದರ ಗುಂಡಿನ ಅಡ್ಡಳತೆ 8.09 ಮಿ.ಮೀ.

1900ರ ನಂತರ ಸೇನೆ ದುಂಡುಮೂತಿ ಬಿಟ್ಟು ಚೂಪುಮೂತಿಯ ಹಗುರ ಗುಂಡಿಗೆ ಬದಲಾಯಿತು. ತೂಕ ಸುಮಾರು 10 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 880 ಮೀಟರ್. ಇದೇ 'ಎಸ್' ಗುಂಡು. ಜೊತೆಗೆ ಅಡ್ಡಳತೆಯನ್ನೂ 8.22 ಮಿ.ಮೀ.ಗೆ ಏರಿಸಿದರು. ಕೇಸು ಮಾತ್ರ ಅದೇ 57 ಮಿ.ಮೀ.

ತೊಡಕು ಇಲ್ಲಿದೆ. ವ್ಯತ್ಯಾಸ 0.13 ಮಿ.ಮೀ. ಮಾತ್ರ, ಕಣ್ಣಿಗೆ ಕಾಣುವುದಿಲ್ಲ. ದಪ್ಪ ಗುಂಡಿನ ತೋಟೆ ಸಣ್ಣ ನಳಿಗೆಯ ಹಳೆ ಕೋವಿಗೂ ಹಲವು ಸಲ ಕುಳಿತುಬಿಡುತ್ತದೆ. ಹೊಡೆದರೆ ಗುಂಡು ಬಿಗಿಯಾದ ನಳಿಗೆಯೊಳಗೆ ಹಿಂಡಿಕೊಂಡು ಹೋಗಬೇಕು, ಒತ್ತಡ ಏರಿ ಕೋವಿ ಒಡೆಯಬಹುದು. ಸೇನೆ ಬದಲಾದ ಮೇಲೂ ಬೇಟೆ ಕೋವಿಗಾರರು ಎಷ್ಟೋ ವರ್ಷ ಹಳೆಯ ಸಣ್ಣ ನಳಿಗೆಯನ್ನೇ ಹಾಕುತ್ತಿದ್ದರಿಂದ, ಕೋವಿಯ ಇಸವಿ ನೋಡಿ ಇದು 'ಎಸ್' ಇರಬೇಕು ಎಂದು ಊಹಿಸುವಂತಿಲ್ಲ. ನಳಿಗೆಯನ್ನು ಅಳೆದೇ ತಿಳಿಯಬೇಕು, ಅದೂ ಬಲ್ಲ ಕೋವಿಗಾರನ ಕೈಯಲ್ಲಿ.

ಉಳಿದದ್ದು ಸುಲಭ. ಐಎಸ್: ದಪ್ಪ ಗುಂಡು, ಅಂಚಿಲ್ಲ. ಐಆರ್: ಸಣ್ಣ ಗುಂಡು, ಅಂಚಿದೆ. ಐಆರ್‌ಎಸ್: ದಪ್ಪ ಗುಂಡು, ಅಂಚಿದೆ.

ಇದೇ ಭಯದಿಂದ ಅಮೆರಿಕದ ಕಾರ್ಖಾನೆಗಳು '8 ಮಿ.ಮೀ. ಮೌಸರ್' ತೋಟೆಯನ್ನು ಮೆದುವಾಗಿ ತುಂಬುತ್ತವೆ. ಅವರ ಒತ್ತಡದ ಮಿತಿ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಯುರೋಪಿನ ಮಿತಿ ಅವರ ಒತ್ತಡದ ಅಳತೆಯಲ್ಲಿ 3,900 ಬಾರ್, ಅಂದರೆ 56,000 ಪಿಎಸ್‌ಐಗೂ ಮೇಲೆ. ಒಂದೇ ತೋಟೆ ಒಂದು ಖಂಡದಲ್ಲಿ ಹುಲಿ, ಇನ್ನೊಂದರಲ್ಲಿ ಬೆಕ್ಕು.

"ಜಿಮ್ ಕಾರ್ಬೆಟ್ ಹತ್ರ ಇದ್ದದ್ದು ಇಂಗ್ಲಿಷ್ ರೈಫಲ್ ಅಲ್ವಾ? ಜರ್ಮನ್ ತೋಟೆ ಅಂತಾರಲ್ಲ ಕೆಲವರು?"

ಎರಡೂ ಸರಿ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ ಕಾರ್ಬೆಟ್‌ಗೆ ಒಂದು ರೈಫಲ್ ಉಡುಗೊರೆ ಕೊಟ್ಟರು. ತಯಾರಿಸಿದ್ದು ಲಂಡನ್ನಿನ ಜಾನ್ ರಿಗ್ಬಿ ಕಂಪನಿ, ತೋಟೆ .275 ರಿಗ್ಬಿ. ಆ .275 ರಿಗ್ಬಿ ಎಂದರೆ ಓಬರ್ನ್‌ಡಾರ್ಫಿನ 7×57 ಮೌಸರ್, ಬೇರೇನಲ್ಲ. ಬ್ರಿಟಿಷ್ ಗಿರಾಕಿಗೆ ಇಂಚಿನ ಲೆಕ್ಕದ ಹೆಸರು ಬೇಕಿತ್ತು.

7×57 ಹುಟ್ಟಿದ್ದು 1892ರಲ್ಲಿ. ಮರುವರ್ಷವೇ ಸ್ಪೇನ್ ಸೇನೆ ಅದನ್ನು ಒಪ್ಪಿಕೊಂಡಿತು. ದಕ್ಷಿಣ ಆಫ್ರಿಕಾದ ಬೋಯರ್ ರೈತರು 1899ರಿಂದ 1902ರ ತನಕದ ಯುದ್ಧದಲ್ಲಿ ಇದೇ ತೋಟೆಯಿಂದ ಬ್ರಿಟಿಷರಿಗೆ ನೀರು ಕುಡಿಸಿದರು. ಪೆಟ್ಟು ತಿಂದವರೇ ಅದರ ಗುಣ ಕಂಡು ತಮ್ಮ ಅಂಗಡಿಗಳಲ್ಲಿ ಬೇರೆ ಹೆಸರಿನಿಂದ ಮಾರಿದರು. 'ಕಾರಮೋಜೊ' ಬೆಲ್ ಎಂದು ಹೆಸರಾದ ಸ್ಕಾಟಿಷ್ ದಂತ ಬೇಟೆಗಾರ ಆಫ್ರಿಕಾದಲ್ಲಿ ಇಷ್ಟು ಸಣ್ಣ ತೋಟೆಯಿಂದಲೇ ನೂರಾರು ಆನೆ ಹೊಡೆದ. ಅದು ತೋಟೆಯ ದೊಡ್ಡಸ್ತಿಕೆಗಿಂತ ಆನೆಯ ತಲೆಬುರುಡೆಯ ಒಳರಚನೆಯನ್ನು ಅವನು ಅರೆದು ಕುಡಿದಿದ್ದರ ಫಲ.

ತೋಟೆಯ ಗುಣ ಏನೆಂದರೆ ಒದೆತ ಕಡಿಮೆ, ಗುಂಡು ತೆಳ್ಳಗೆ ಉದ್ದ, ಆಳಕ್ಕೆ ಇಳಿಯುತ್ತದೆ. ಒದೆತಕ್ಕೆ ಹೆದರದವನ ಗುರಿ ತಪ್ಪುವುದೂ ಕಡಿಮೆ.

"9.3×62ನ ಆಫ್ರಿಕಾದ ತೋಟೆ ಅಂತ ಯಾಕೆ ಹೇಳ್ತಾರೆ? ಮಾಡಿದ್ದು ಬರ್ಲಿನ್‌ನಲ್ಲಿ ತಾನೆ?"

ಹೌದು, ಬರ್ಲಿನ್ನಿನ ಕೋವಿಗಾರ ಓಟ್ಟೋ ಬೋಕ್, 1905ರಲ್ಲಿ. ಆ ಹೊತ್ತಿಗೆ ಇಂದಿನ ಟಾಂಜಾನಿಯಾದ ಮುಖ್ಯಭೂಮಿ, ನಮೀಬಿಯಾ, ಕ್ಯಾಮರೂನ್ ಜರ್ಮನಿಯ ವಸಾಹತುಗಳು. ತೋಟ ಮಾಡಲು ಹೋದ ರೈತನಿಗೆ ಬೆಳೆ ತಿನ್ನುವ ಜಿಂಕೆಯಿಂದ ಹಿಡಿದು ಕಾಡೆಮ್ಮೆಯ ತನಕ ಎದುರಾಗುತ್ತಿದ್ದವು. ಬ್ರಿಟಿಷರ ಜೋಡುನಳಿಗೆ ಭಾರೀ ರೈಫಲ್ಲಿಗೆ ಒಂದು ಸಣ್ಣ ಆಸ್ತಿಯ ಬೆಲೆ, ಅವನ ಕೈಗೆಟಕುವಂಥದ್ದಲ್ಲ.

ಬೋಕ್‌ನ ಜಾಣತನ ಇಷ್ಟೇ: ಮೌಸರ್ 98ರ (ಮೇಲೆ ಹೇಳಿದ 1898ರ ಮಾದರಿ) ಸಾಮಾನ್ಯ ಅಳತೆಯ ಬೋಲ್ಟಿಗೂ ಮ್ಯಾಗಜಿನ್ನಿಗೂ ಸರಿಯಾಗಿ ಕೂರುವ ಅತಿ ದೊಡ್ಡ ತೋಟೆ ಯಾವುದು ಎಂದು ಲೆಕ್ಕಹಾಕಿ ಅದನ್ನೇ ಮಾಡಿದ. ಕೇಸಿನ ಬುಡ 8×57ರದ್ದೇ, ಹಾಗಾಗಿ ಬೋಲ್ಟ್ ಬದಲಿಸಬೇಕಿಲ್ಲ. ಉದ್ದ 62 ಮಿ.ಮೀ., ಗುಂಡು 18.5 ಗ್ರಾಂ. ಅಗ್ಗದ, ಗಟ್ಟಿಮುಟ್ಟಾದ ಕೋವಿಯಲ್ಲಿ ಕಾಡೆಮ್ಮೆಯನ್ನೂ ಮಲಗಿಸುವ ಶಕ್ತಿ ಬಂತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ವಸಾಹತುಗಳನ್ನೆಲ್ಲ ಕಳೆದುಕೊಂಡಿತು, ತೋಟೆ ಮಾತ್ರ ಅಲ್ಲೇ ಉಳಿಯಿತು. ಇವತ್ತು ಜರ್ಮನಿ, ಸ್ವೀಡನ್‌ನ ಹಂದಿ ಬೇಟೆಯಲ್ಲೂ ಸ್ವೀಡನ್ನಿನ ಮೂಸ್ ಎಂಬ ಭಾರೀ ಜಿಂಕೆಯ ಬೇಟೆಯಲ್ಲೂ ಇದಕ್ಕೆ ಮರ್ಯಾದೆ ಇದೆ. ಹಳೆಯ ಜರ್ಮನ್ ತೋಟೆಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ಇದನ್ನೇ.

"9.3×72 ಆರ್, 9.3×74 ಆರ್. ಎರಡು ಮಿ.ಮೀ.ಗೆ ಎರಡು ತೋಟೆಯಾ?"

ಹೆಸರಿನಲ್ಲಿ ಅಕ್ಕಪಕ್ಕ, ಗುಣದಲ್ಲಿ ಅಜ್ಜ ಮತ್ತು ಮೊಮ್ಮಗ. 72 ಆರ್ ಕಪ್ಪು ಮದ್ದಿನ ಕಾಲದ ನೇರ ಕೇಸು, 12.5 ಗ್ರಾಂ ಗುಂಡು, ಮೆದು ಒತ್ತಡ. ಹಳೆ ಡ್ರಿಲಿಂಗ್‌ಗಳಲ್ಲಿ ರೈಫಲ್ ನಳಿಗೆ ಬಹಳ ಸಲ ಇದರದ್ದೇ. 74 ಆರ್ ಹೊಗೆಯಿಲ್ಲದ ಮದ್ದಿಗಾಗಿಯೇ ಕುತ್ತಿಗೆ ಇಟ್ಟು ಮಾಡಿದ್ದು, 9.3×62ರ 18.5 ಗ್ರಾಂ ಗುಂಡನ್ನೇ ಹೆಚ್ಚುಕಡಿಮೆ ಅದೇ ವೇಗದಲ್ಲಿ ಎಸೆಯುತ್ತದೆ. ಕೇಸು ಉದ್ದ ಇರುವುದರಿಂದ ಒತ್ತಡ ಕಡಿಮೆ ಇಟ್ಟುಕೊಂಡೇ ಅಷ್ಟು ಕೆಲಸ ಮಾಡಬಹುದು: ಯುರೋಪಿನ ಮಿತಿ 9.3×62ಗೆ 3,900 ಬಾರ್, 74 ಆರ್‌ಗೆ 3,400. ಮುರಿದು ತೆರೆಯುವ ಕೋವಿಗೆ ಇದು ವರ.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆ ತನ್ನ ವಿಮಾನಗಳಲ್ಲಿ ಇಡಲು ಸೂಲ್‌ನ ಸೌವರ್ ಕಂಪನಿಯಿಂದ ಡ್ರಿಲಿಂಗ್‌ಗಳನ್ನು ತರಿಸಿಕೊಂಡಿತ್ತು. ವಿಮಾನ ಬಿದ್ದರೆ ಪೈಲಟ್ ಬದುಕಿಕೊಳ್ಳಲಿ ಎಂದು 12 ಬೋರಿನ ಎರಡು ನಳಿಗೆ, 9.3×74 ಆರ್ ಒಂದು ನಳಿಗೆ, ಅಲ್ಯುಮಿನಿಯಂ ಪೆಟ್ಟಿಗೆಯಲ್ಲಿಟ್ಟ ಅಂದವಾದ ಕೋವಿ. ಯುದ್ಧದ ಸಾಮಾನುಗಳಲ್ಲಿ ಇಷ್ಟು ದುಬಾರಿ ಷೋಕಿ ಅಪರೂಪ.

"ಮೊದಲ ಮಹಾಯುದ್ಧ ಸೋತ ಮೇಲೆ ಬೇಟೆಗಾರರ ಗತಿ ಏನಾಯ್ತು?"

ಸೋತ ಜರ್ಮನಿಯ ಕೈಕಟ್ಟಿದ 1919ರ ವರ್ಸೈ ಒಪ್ಪಂದದ ನಂತರ ಸೇನೆಯ ತೋಟೆಯಾದ 8×57 ನಾಗರಿಕರ ಕೈಗೆ ನಿಷಿದ್ಧವಾಯಿತು. ಮನೆಮನೆಯ ಬೇಟೆ ರೈಫಲ್ ಒಮ್ಮೆಲೇ ಅಕ್ರಮ. ಕೋವಿಗಾರರು ಕಂಡುಕೊಂಡ ದಾರಿ ನಮ್ಮವರಿಗೂ ಮೆಚ್ಚುಗೆಯಾಗುವಂಥದ್ದು: ಅದೇ ರೈಫಲ್ಲಿನ ಚೇಂಬರನ್ನು (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು) 3 ಮಿ.ಮೀ. ಒಳಕ್ಕೆ ಕೊರೆದರು. 8×60 ಹುಟ್ಟಿತು. ಗುಂಡು ಅದೇ, ನಳಿಗೆ ಅದೇ, ಕೋವಿ ಅದೇ, ಕಾಗದದ ಮೇಲೆ ಮಾತ್ರ ಬೇರೆ ತೋಟೆ. ಉದ್ದದ ಹೊಸ ತೋಟೆ ಸೇನೆಯ ಕೋವಿಗೆ ಹೋಗುವುದಿಲ್ಲ, ಹಾಗಾಗಿ ಅಧಿಕಾರಿಗಳಿಗೂ ಸಮಾಧಾನ. ಬಲದಲ್ಲಿ 8×57ಗಿಂತ ಚೂರು ಮೇಲೆ ಇದ್ದರೂ, ನಿಷೇಧ ಇಲ್ಲದಿದ್ದರೆ ಇದನ್ನು ಯಾರೂ ಮಾಡುತ್ತಿರಲಿಲ್ಲ.

"ಬ್ರೆನ್ನೆಕೆ ಅಂದ್ರೆ ಚರೆ ಕೋವಿಯ ಸ್ಲಗ್ ಅಲ್ವಾ? ರೈಫಲ್ ತೋಟೆಗೂ ಅದೇ ಹೆಸರು ಯಾಕೆ?"

ಒಬ್ಬನೇ ಮನುಷ್ಯ. ಲೈಪ್‌ಝಿಗ್‌ನ ವಿಲ್ಹೆಲ್ಮ್ ಬ್ರೆನ್ನೆಕೆ (1865–1951) 1898ರಲ್ಲಿ ಚರೆ ಕೋವಿಯ ಸ್ಲಗ್, ಅಂದರೆ ಚರೆಯ ಬದಲು ಹೊಡೆಯುವ ಒಂಟಿ ದಪ್ಪ ಗುಂಡು, ಮಾಡಿ ಹೆಸರಾದ. ಆದರೆ ಅವನ ನಿಜವಾದ ಕೊಡುಗೆ ರೈಫಲ್ ತೋಟೆಗಳಲ್ಲಿದೆ ಎಂದು ನನಗನ್ನಿಸುತ್ತದೆ. 8×64 ಎಸ್ 1912ರಲ್ಲಿ, 7×64 1917ರಲ್ಲಿ, ಆಮೇಲೆ 9.3×64. ಮೊದಲೆರಡರಲ್ಲಿ ಅವನದ್ದೂ ಬೋಕ್‌ನ ಲೆಕ್ಕವೇ: ಮೌಸರ್ 98ರ ಮಿತಿಯೊಳಗೆ ಎಷ್ಟು ಹೆಚ್ಚು ಮದ್ದು ಹಿಡಿಸಬಹುದು. ಅಮೆರಿಕದ .280 ರೆಮಿಂಗ್ಟನ್ 1957ರಲ್ಲಿ ಬಂದಾಗ ಅದು 7×64ರ ತದ್ರೂಪು ಎನ್ನುವಷ್ಟು ಹತ್ತಿರವಿತ್ತು, 40 ವರ್ಷ ತಡವಾಗಿ.

ಗುಂಡಿನ ಬಗ್ಗೆಯೂ ಅವನು ತಲೆ ಕೆಡಿಸಿಕೊಂಡ. ವೇಗ ಹೆಚ್ಚಿದಂತೆ ಸಾಮಾನ್ಯ ಗುಂಡು ಚರ್ಮದ ಹತ್ತಿರವೇ ಚೂರುಚೂರಾಗುತ್ತಿತ್ತು, ಪ್ರಾಣಿ ಗಾಯಗೊಂಡು ಓಡುತ್ತಿತ್ತು. ಬ್ರೆನ್ನೆಕೆಯ ಟಿಐಜಿ, ಟಿಯುಜಿ ಗುಂಡುಗಳಲ್ಲಿ ಬೇರೆ ಬೇರೆ ಗಡಸುತನದ ಎರಡು ಸೀಸದ ತಿರುಳುಗಳಿವೆ: ಮೆದುವಾದ ಮುಂಭಾಗ ಅರಳುತ್ತದೆ, ಗಡಸಾದ ಹಿಂಭಾಗ ಒಳಕ್ಕೆ ನುಗ್ಗುತ್ತದೆ. ಜರ್ಮನಿಯ ತೋಟೆ ಕಂಪನಿ ಆರ್‌ಡಬ್ಲ್ಯುಎಸ್‌ನ ಎಚ್-ಮಾಂಟೆಲ್ ಗುಂಡು ಇದೇ ಕೆಲಸವನ್ನು ಹೊರಗಿನ ಲೋಹದ ಕವಚವನ್ನು ನಡುವೆ ಮಡಿಸಿ ಸಾಧಿಸಿತು.

"ಎರಡನೇ ಯುದ್ಧದ ನಂತರ ಇವೆಲ್ಲ ಯಾಕೆ ಮಾಯವಾದವು?"

ಸೋತ ದೇಶದಲ್ಲಿ ಕೋವಿಗಳನ್ನೆಲ್ಲ ಒಪ್ಪಿಸಬೇಕಾಯಿತು. ಎಷ್ಟೋ ನಾಶವಾದವು, ಎಷ್ಟೋ ಡ್ರಿಲಿಂಗ್‌ಗಳು ಅಮೆರಿಕದ ಸೈನಿಕರ ಚೀಲದಲ್ಲಿ ಕಡಲು ದಾಟಿದವು. ಸೂಲ್ ಪೂರ್ವ ಜರ್ಮನಿಯ ಪಾಲಾಯಿತು. ಪಶ್ಚಿಮದಲ್ಲಿ ಬೇಟೆ ಮತ್ತೆ ಶುರುವಾದಾಗ ಕಾರ್ಖಾನೆಗಳು ಹೆಚ್ಚು ಮಾರಾಟವಾಗುವ ಕೆಲವನ್ನೇ ಉಳಿಸಿಕೊಂಡವು. 7×57, 7×64, 8×57, 9.3×62 ಮತ್ತು ಅವುಗಳ ಅಂಚಿನ ಜೋಡಿಗಳು ಬದುಕಿದವು. 9×57ನಂಥವು ಸದ್ದಿಲ್ಲದೆ ಹೋದವು.

## ಆಳಕ್ಕೆ ಇಳಿಯುವವರಿಗೆ

"ಜರ್ಮನಿಯಲ್ಲಿ ಈಗಲೂ 9.3×72 ಆರ್‌ನಿಂದ ಹಂದಿ ಹೊಡೆಯಬಹುದಾ?"

ಕಾನೂನು ಒಪ್ಪುವುದಿಲ್ಲ. ಅಲ್ಲಿನ ಒಕ್ಕೂಟ ಬೇಟೆ ಕಾಯಿದೆ ಗುಂಡು 100 ಮೀಟರ್ ದೂರದಲ್ಲಿ ಎಷ್ಟು ಶಕ್ತಿ ಉಳಿಸಿಕೊಂಡಿರಬೇಕು ಎಂದು ಹೇಳುತ್ತದೆ. ರೋ ಜಿಂಕೆಗೆ 1,000 ಜೂಲ್. ಕೆಂಪು ಜಿಂಕೆ, ಹಂದಿಯಂಥ ದೊಡ್ಡ ಪ್ರಾಣಿಗಳಿಗೆ 2,000 ಜೂಲ್, ಜೊತೆಗೆ ಗುಂಡು ಕನಿಷ್ಠ 6.5 ಮಿ.ಮೀ. 9.3×72 ಆರ್ ನಳಿಗೆ ಬಿಡುವಾಗ 2,000 ದಾಟಿದರೂ 100 ಮೀಟರಿಗೆ ಹೋಗುವಷ್ಟರಲ್ಲಿ ಕೆಳಗಿಳಿದಿರುತ್ತದೆ. ಅಜ್ಜಂದಿರು ಅದರಿಂದ ಸಾಲುಸಾಲು ಹಂದಿ ಹೊಡೆದಿದ್ದರು ಎಂಬುದು ಬೇರೆ ಮಾತು. ಪಕ್ಕದ ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡೆನ್ ಪ್ರಾಂತದ ಕಾನೂನು ಇನ್ನೊಂದು ತುದಿ: ಅಲ್ಲಿನ ಬೆಟ್ಟದ ಬೇಟೆಗೆ ಬಹುಕಾಲ 10 ಮಿ.ಮೀ.ಗೂ ದಪ್ಪ ಗುಂಡೇ ಬೇಕಿತ್ತು, ಹಾಗಾಗಿ 10.3×60 ಆರ್ ಎಂಬ ಹಳೆ ಮಾದರಿಯ ತೋಟೆ ಅಲ್ಲಿ ಉಳಿದುಕೊಂಡಿತು.

"ನಮ್ಮಲ್ಲಿ ಲೈಸೆನ್ಸಿಗೆ ಸಿಗುವ .315 ಬೋರ್ ರೈಫಲ್ 8 ಮಿ.ಮೀ. ಮೌಸರ್ ತಾನೆ?"

ಅಲ್ಲ. ದಯವಿಟ್ಟು ಈ ಗೊಂದಲ ಬೇಡ. .315 ಎಂದರೆ 8×50 ಆರ್ ಮಾನ್‌ಲಿಷರ್, ಆಸ್ಟ್ರಿಯಾ-ಹಂಗೇರಿ ಸೇನೆಯ ಹಳೆ ತೋಟೆ. ಅಂಚಿದೆ, ಕೇಸು 50 ಮಿ.ಮೀ. 8×57 ಬೇರೆಯೇ ತೋಟೆ.

ವಿಯೆನ್ನಾದ ತೋಟೆ ನಮ್ಮೂರಿಗೆ ಬಂದದ್ದೂ ಕಾನೂನಿನ ದಾರಿಯಲ್ಲೇ. ಬ್ರಿಟಿಷ್ ಸರ್ಕಾರ ಭಾರತದಲ್ಲಿ ತನ್ನ ಸೇನೆಯ .303 ತೋಟೆ ನಾಗರಿಕರ ಕೈಗೆ ಹೋಗಬಾರದೆಂದು ಬಿಗಿಮಾಡಿತ್ತು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ತನ್ನ ಲೀ ರೈಫಲ್ಲನ್ನೇ 8×50 ಆರ್‌ಗೆ ಹೊಂದಿಸಿ ಇಲ್ಲಿ ಮಾರಿತು. ಸ್ವಾತಂತ್ರ್ಯದ ನಂತರ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳು ಅದನ್ನೇ .315 ಸ್ಪೋರ್ಟಿಂಗ್ ರೈಫಲ್ ಎಂದು ಮುಂದುವರಿಸಿದವು. ಹುಟ್ಟಿದ ದೇಶದಲ್ಲಿ ಸಂಗ್ರಹಕಾರರ ವಸ್ತುವಾದ ತೋಟೆ ಇಲ್ಲಿ ಬೆಳೆ ಕಾಯುವ ರೈತನ ಮನೆಯಲ್ಲಿದೆ.

"ಹಳೆ ಶಿಕಾರಿ ಕಥೆಗಳಲ್ಲಿ .423 ಮೌಸರ್, .500 ಜೆಫ್ರಿ ಬರುತ್ತವೆ. ಅವೂ ಜರ್ಮನ್ನಾ?"

ಎರಡೂ. .423 ಮೌಸರ್ ಎಂದರೆ 10.75×68, ಮೌಸರ್ ರೈಫಲ್ ಅಗ್ಗಕ್ಕೆ ಸಿಗುತ್ತಿದ್ದ ಕಾಲದಲ್ಲಿ ಭಾರತದ ಶಿಕಾರಿಗಳಲ್ಲೂ ಓಡಾಡಿದ ತೋಟೆ. ಹುಲಿಗೆ ಚೆನ್ನಾಗಿತ್ತು. ದಪ್ಪಕ್ಕೆ ತಕ್ಕ ಉದ್ದ ಗುಂಡಿಗೆ ಇರಲಿಲ್ಲವಾದ್ದರಿಂದ ದಪ್ಪ ಚರ್ಮದ ಪ್ರಾಣಿಯಲ್ಲಿ ಆಳಕ್ಕಿಳಿಯದು ಎಂಬ ದೂರಿತ್ತು. .500 ಜೆಫ್ರಿ ಎಂದರೆ ಸೂಲ್‌ನ ಆಗಸ್ಟ್ ಷ್ಯೂಲರ್‌ನ 12.7×70. ಬೋಲ್ಟ್ ಹಿಡಿಯಲೆಂದು ಅದರ ಬುಡದ ಅಂಚನ್ನು ಕೇಸಿನ ಹೊಟ್ಟೆಗಿಂತ ಚಿಕ್ಕದಾಗಿ ಮಾಡಿದ್ದು ಷ್ಯೂಲರ್‌ನ ಉಪಾಯ. ಲಂಡನ್ನಿನ ಜೆಫ್ರಿ ಕಂಪನಿ ಅದಕ್ಕೆ ತನ್ನ ಹೆಸರಿಟ್ಟಿತು. ರಿಗ್ಬಿಯ ಕಥೆಯೇ ಮತ್ತೊಮ್ಮೆ.

"ಅಮೆರಿಕದ .30-06 ಮೌಸರ್ ತೋಟೆಯ ನಕಲು ಅಂತಾರೆ. ನಿಜವಾ?"

ಪೂರಾ ನಕಲಲ್ಲ, ಸಂಬಂಧಿ. 1898ರಲ್ಲಿ ಕ್ಯೂಬಾದ ಸಾನ್ ಹುವಾನ್ ಗುಡ್ಡದಲ್ಲಿ ಸ್ಪೇನ್ ಸೈನಿಕರ 7×57 ಮೌಸರ್‌ಗಳು ಅಮೆರಿಕನ್ನರಿಗೆ ಕಲಿಸಿದ ಪಾಠ ದುಬಾರಿಯಾಗಿತ್ತು. ಆಮೇಲೆ ಬಂದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನಲ್ಲಿ ಮೌಸರ್ ಪೇಟೆಂಟ್‌ಗಳು ಎಷ್ಟಿದ್ದವೆಂದರೆ, ಅಮೆರಿಕ ಸರ್ಕಾರ ಮೌಸರ್‌ಗೆ 2 ಲಕ್ಷ ಡಾಲರ್ ರಾಯಲ್ಟಿ ಕೊಡಬೇಕಾಯಿತು. .30-06ರ ಕೇಸಿನ ಬುಡ ಮೌಸರ್ ಕೇಸಿನಂತೆಯೇ ಸುಮಾರು 12 ಮಿ.ಮೀ. ಅಮೆರಿಕದ .308, .270, .243 ತೋಟೆಗಳಿಗೆಲ್ಲ ಅದೇ ಬುಡ.

"ನಳಿಗೆಯ ಕೆಳಗೆ 108,49 ಅಂತ ಕೆತ್ತಿದೆ. ಕ್ರಮಸಂಖ್ಯೆನಾ?"

ಅದು ನಳಿಗೆಯ ಅಳತೆ, ವಿಚಿತ್ರ ಲೆಕ್ಕದಲ್ಲಿ. ಜರ್ಮನಿಯ 1891ರ ಪರೀಕ್ಷಾ ಕಾನೂನು ಪ್ರತಿ ಕೋವಿಯನ್ನೂ ಸರ್ಕಾರಿ ಪರೀಕ್ಷಾಗೃಹದಲ್ಲಿ ಹೊಡೆದು ಮುದ್ರೆ ಹಾಕಿಸಬೇಕೆಂದಿತು. ರೈಫಲ್ ನಳಿಗೆಯನ್ನೂ ಆಗ 12 ಬೋರ್, 16 ಬೋರ್ ಎನ್ನುವ ಲೆಕ್ಕದಲ್ಲೇ ಅಳೆಯುತ್ತಿದ್ದರು: ಒಂದು ಪೌಂಡ್ ಸೀಸದಿಂದ ಆ ನಳಿಗೆಗೆ ಹೊಂದುವ ಎಷ್ಟು ಉಂಡೆ ಮಾಡಬಹುದು ಎಂಬುದು. 108.49 ಉಂಡೆ ಎಂದರೆ ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಗೀರುಗಳ ಮೇಲಂಚಿನ ನಡುವೆ ಸುಮಾರು 8.9 ಮಿ.ಮೀ., 9.3×72 ಆರ್ ಕೋವಿಗಳಲ್ಲಿ ಹೆಚ್ಚಾಗಿ ಕಾಣುವ ಅಂಕಿ. 172,28 ಇದ್ದರೆ ಸುಮಾರು 7.6 ಮಿ.ಮೀ., ಸಾಮಾನ್ಯವಾಗಿ 8 ಮಿ.ಮೀ. ವರ್ಗ. ಆಮೇಲೆ ಮಿಲಿಮೀಟರ್ ಬಂತು, ಈ ತಲೆನೋವು ತಪ್ಪಿತು.

ಪಕ್ಕದಲ್ಲಿ ಕಿರೀಟದ ಕೆಳಗೆ 'ಎನ್' ಇದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ. ಕಿರೀಟದ ಬದಲು ಹದ್ದು ಇದ್ದರೆ 1939ರ ಕಾನೂನಿನ ನಂತರದ ಮುದ್ರೆ.

"ಕೇಸಿನ ಬುಡದ ಅಕ್ಷರಗಳಿಂದ ಏನು ತಿಳಿಯುತ್ತೆ?"

ಯಾರು ಮಾಡಿದ್ದು ಎಂಬುದು. ಡಿಡಬ್ಲ್ಯುಎಂ ಇದ್ದರೆ 1896ರಲ್ಲಿ ಆ ಹೆಸರು ಪಡೆದ ಬರ್ಲಿನ್ ಮತ್ತು ಕಾರ್ಲ್ಸ್‌ರೂಹೆಯ ಕಂಪನಿ. ಅದು ತನ್ನ ಪ್ರತಿ ಕೇಸಿಗೂ ಒಂದು ನಂಬರ್ ಕೊಟ್ಟಿತ್ತು: 7×57ಗೆ 380, 9.3×62ಗೆ 474. ಸಂಗ್ರಹಕಾರರು ಈಗಲೂ ಆ ನಂಬರಿನಿಂದಲೇ ಮಾತಾಡುತ್ತಾರೆ. ಉಟೆನ್‌ಡೋರ್ಫರ್ ಎಂದಿದ್ದರೆ ನ್ಯೂರೆಂಬರ್ಗ್, ಅದು ಮುಂದೆ ಆರ್‌ಡಬ್ಲ್ಯುಎಸ್ ಜೊತೆ ಸೇರಿತು. ಗೆಕೋ ಎಂದರೆ ಗುಸ್ತಾವ್ ಗೆನ್ಶೋ ಕಂಪನಿ.

"ತಾತನ ಟ್ರಂಕಿನಲ್ಲಿ ಹಿತ್ತಾಳೆಯ ತೋಟೆ ಸಿಕ್ಕಿದೆ, ಕೇಪು ಹೊಡೆದಿಲ್ಲ. ಇಟ್ಟುಕೊಳ್ಳಬಹುದಾ?"

ಲೈಸೆನ್ಸ್ ಇಲ್ಲದೆ ಜೀವಂತ ತೋಟೆ ಒಂದಿದ್ದರೂ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅಪರಾಧ. ಹೊಡೆದು ನೋಡುವುದು, ಇಕ್ಕಳದಲ್ಲಿ ಗುಂಡು ಕೀಳುವುದು, ಒಲೆಯ ಹತ್ತಿರ ಒಣಗಿಸುವುದು ಯಾವುದೂ ಬೇಡ. ನೂರು ವರ್ಷದ ಕೇಪು ಸತ್ತೇ ಹೋಗಿದೆ ಎಂದು ನಂಬುವ ಹಾಗಿಲ್ಲ. ಅಲ್ಲಾಡಿಸದೆ ಇದ್ದಲ್ಲೇ ಬಿಟ್ಟು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಅವರು ಒಯ್ಯುವ ಮೊದಲು ಬುಡದ ಅಕ್ಷರಗಳ ಫೋಟೋ ತೆಗೆದಿಟ್ಟುಕೊಂಡರೆ ಅದು ಯಾವ ತೋಟೆ ಎಂದು ಆಮೇಲೆ ಹುಡುಕಬಹುದು.